ಕುದುರೆ ಮೆಂತೆ: ಮೇವಿನಿಂದ ಮಾತ್ರೆಗೆ

ಹೋಮಿಯೋಪಥಿ ಅಂಗಡಿಯ ಕಪಾಟಿನಲ್ಲಿ ಆಲ್ಫಾಲ್ಫಾ ಟಾನಿಕ್‌ನ ಸೀಸೆ ನೋಡದವರು ಕಡಿಮೆ. ಊಟ ಸೇರದ ಮಗುವಿಗೆ, ಜ್ವರ ಬಿಟ್ಟು ಎದ್ದವರಿಗೆ, ತಿಂದದ್ದು ಮೈಗೆ ಹತ್ತದವರಿಗೆ ಎಂದು ಎಷ್ಟೋ ಮನೆಗಳಲ್ಲಿ ಅದನ್ನು ಚಮಚದಲ್ಲಿ ಕುಡಿಸಿದ್ದಾರೆ. ಅದೇ ಗಿಡ ಡೇರಿಗೆ ಹಾಲು ಹಾಕುವ ರೈತರ ಹೊಲದಲ್ಲಿ ಕುದುರೆ ಮೆಂತೆ, ಕುದುರೆ ಮಸಾಲೆ, ಲೂಸರ್ನ್ ಎಂಬ ಹೆಸರುಗಳಲ್ಲಿ ಬೆಳೆಯುತ್ತದೆ. ಮೂರೆಲೆಯ ಸೊಪ್ಪು, ನೇರಳೆ ಹೂ, ಸುರುಳಿ ಸುತ್ತಿದ ಪುಟ್ಟ ಕಾಯಿ. ಮೆಂತ್ಯದ ದಾಯಾದಿ ಎಂಬುದು ನೋಡಿದೊಡನೆ ತಿಳಿಯುತ್ತದೆ. ಒಮ್ಮೆ ಬಿತ್ತಿದರೆ ಮೂರು ನಾಲ್ಕು ವರ್ಷ ಮತ್ತೆ ಮತ್ತೆ ಕೊಯ್ಯಬಹುದು. ಬೇರು ಆಳಕ್ಕೆ ಇಳಿಯುವುದರಿಂದ ಬಿಸಿಲಿಗೆ ಬೇಗ ಸೋಲುವುದಿಲ್ಲ.

ಇದರ ತವರು ಇರಾನ್ ಮತ್ತು ಮಧ್ಯ ಏಷ್ಯಾದ ಸೀಮೆ. ಪರ್ಷಿಯದ ದೊರೆ ಡೇರಿಯಸ್ ಗ್ರೀಸ್ ಮೇಲೆ ದಂಡೆತ್ತಿ ಹೋದಾಗ ಈ ಬೆಳೆ ಅಲ್ಲಿಗೆ ಕಾಲಿಟ್ಟಿತು ಎಂದು ರೋಮಿನ ಪ್ಲಿನಿ ಬರೆದಿದ್ದಾನೆ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಹಾನ್ ಚಕ್ರವರ್ತಿಯ ದೂತ ಜಾಂಗ್ ಚಿಯಾನ್ ಮಧ್ಯ ಏಷ್ಯಾಕ್ಕೆ ಹೋಗಿ ಬಂದ ಮೇಲೆ ಫರ್ಗಾನಾದ ಕುದುರೆಗಳ ಜೊತೆಗೆ ಅವುಗಳ ಮೇವಿನ ಬೀಜವೂ ಚೀನಾ ಸೇರಿತು. ಸ್ಪೇನಿನವರು ಹದಿನಾರನೆಯ ಶತಮಾನದಲ್ಲಿ ಮೆಕ್ಸಿಕೊ, ಪೆರುಗಳಿಗೆ ಒಯ್ದರು. ಚಿನ್ನದ ಬೇಟೆಯ ಕಾಲದಲ್ಲಿ, 1850ರ ಸುಮಾರಿಗೆ, ಚಿಲಿಯಿಂದ ಕ್ಯಾಲಿಫೋರ್ನಿಯಾ ತಲುಪಿತು. ಈ ಇಡೀ ಪ್ರಯಾಣದಲ್ಲಿ ಮುಂದೆ ಹೋದದ್ದು ಕುದುರೆ, ಹಿಂದೆ ಬಂದದ್ದು ಗಿಡ. ‘ಸಾವಿರಾರು ವರ್ಷಗಳ ಸಂಜೀವಿನಿ’ ಎಂದು ಆಲ್ಫಾಲ್ಫಾ ಮಾತ್ರೆಯ ಡಬ್ಬಿಯ ಮೇಲೆ ಅಚ್ಚು ಹಾಕುವವರು ಹೇಳದೆ ಬಿಡುವ ಸಂಗತಿಯೆಂದರೆ, ಹಳೆಯ ದಾಖಲೆಗಳಲ್ಲಿ ಕಾಣುವುದು ಬಹುಮಟ್ಟಿಗೆ ಮೇವಿನ ಮಾತೇ. ಹಸಿವು ಹೆಚ್ಚಿಸಿ ಮೈ ತುಂಬಿಸುವ ಮದ್ದು ಎಂಬ ಹೆಸರು ಇದಕ್ಕೆ ಹೆಚ್ಚಾಗಿ ಅಂಟಿದ್ದು ಅಮೆರಿಕದ ಹೋಮಿಯೋಪಥಿ ವೈದ್ಯರಿಂದ. ಅವರಲ್ಲೊಬ್ಬರಾದ ಬೋರಿಕೆ ಅವರ ಔಷಧಕೋಶ ಮಟೀರಿಯಾ ಮೆಡಿಕಾದಲ್ಲಿ ಇದಕ್ಕೊಂದು ಜಾಗವಿದೆ. ನಮ್ಮ ಟಾನಿಕ್‌ನ ಬೇರು ಅಲ್ಲಿದೆ.

ಮೇವಾಗಿ ಇದರ ಗುಣ ಪ್ರಶ್ನಾತೀತ. ಒಣ ತೂಕದ ಸುಮಾರು ಐದರಲ್ಲೊಂದು ಪಾಲು ಪ್ರೋಟೀನು. ಜೊತೆಗೆ ಸುಣ್ಣದಂಶ, ಕ್ಯಾರೊಟಿನ್, ವಿಟಮಿನ್ ಕೆ. ಆದರೆ ಹಸು ತಿನ್ನುವುದು ಕಿಲೋಗಟ್ಟಲೆ, ಮಾತ್ರೆಯಲ್ಲಿರುವುದು ಚಿಟಿಕೆ. 500 ಮಿಲಿಗ್ರಾಂನ ಆರು ಮಾತ್ರೆ ನುಂಗಿದರೆ ಹೊಟ್ಟೆಗೆ ಹೋಗುವುದು 3 ಗ್ರಾಂ ಸೊಪ್ಪಿನ ಪುಡಿ. ಅದರಲ್ಲಿ ಪ್ರೋಟೀನು ಅರ್ಧ ಗ್ರಾಂಗಿಂತ ತುಸು ಹೆಚ್ಚು. ಒಂದು ದೊಡ್ಡ ಚಮಚ ತೊಗರಿಬೇಳೆಯಲ್ಲಿ ಅದರ ಮೂರು ನಾಲ್ಕು ಪಟ್ಟು ಇರುತ್ತದೆ, ಬೆಲೆಯೂ ಕಡಿಮೆ. ಪೌಷ್ಟಿಕತೆಯ ಹೆಸರಲ್ಲಿ ಈ ಮಾತ್ರೆ ಕೊಳ್ಳುವುದು ನನಗಂತೂ ದಂಡದ ಖರ್ಚಾಗಿ ಕಾಣುತ್ತದೆ.

ಚಿಟಿಕೆಯಲ್ಲೂ ಕೆಲಸ ಮಾಡುವ ಒಂದು ವಸ್ತು ಇದರಲ್ಲಿದೆ: ವಿಟಮಿನ್ ಕೆ. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಕೊಬ್ಬಿಲ್ಲದ ಆಹಾರ ಕೊಟ್ಟು ಸಾಕಿದ ಕೋಳಿಮರಿಗಳ ಚರ್ಮದಡಿ ರಕ್ತ ಒಸರುವುದನ್ನು ಗಮನಿಸಿದರು. ರಕ್ತ ಹೆಪ್ಪುಗಟ್ಟಲು ಬೇಕಾದದ್ದೇನೋ ಆ ಆಹಾರದಲ್ಲಿ ಇಲ್ಲ ಎಂಬ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಈ ವಿಟಮಿನ್. 1939ರಲ್ಲಿ ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದು ಕುದುರೆ ಮೆಂತೆಯ ಸೊಪ್ಪಿನಿಂದಲೇ. ಡಾಮ್ ಮತ್ತು ಅಮೆರಿಕದ ಎಡ್ವರ್ಡ್ ಡಾಯ್ಸಿ ಅವರಿಗೆ 1943ರ ನೊಬೆಲ್ ಸಂದಿತು. ಕುದುರೆ ಮೆಂತೆಯ ಇನ್ನೊಬ್ಬ ದಾಯಾದಿ ಸ್ವೀಟ್ ಕ್ಲೋವರ್‌ನ ಕಥೆ ಇದಕ್ಕೆ ತದ್ವಿರುದ್ಧ. ಬೂಷ್ಟು ಹಿಡಿದ ಆ ಮೇವು ತಿಂದ ದನಗಳು 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ರಕ್ತ ಸೋರಿ ಸಾಯುತ್ತಿದ್ದವು. ವಿಸ್ಕಾನ್ಸಿನ್‌ನ ಕಾರ್ಲ್ ಲಿಂಕ್ ಅದರ ಕಾರಣ ಹುಡುಕಿದ್ದರಿಂದ ಮುಂದೆ ವಾರ್ಫರಿನ್ ಎಂಬ ಔಷಧ ಬಂತು.

ಹೃದಯದ ಕವಾಟ ಬದಲಿಸಿಕೊಂಡ ಅನೇಕರು ನುಂಗುವುದು ಇದೇ ಜಾತಿಯ ಮಾತ್ರೆ. ವಾರ್ಫರಿನ್ ಇರಲಿ, ನಮ್ಮಲ್ಲಿ ಹೆಚ್ಚು ಬರೆಯುವ ಅಸಿಟ್ರೋಮ್ ಇರಲಿ, ಎರಡೂ ವಿಟಮಿನ್ ಕೆ ಮಾಡುವ ಕೆಲಸಕ್ಕೆ ಅಡ್ಡ ಹಾಕಿಯೇ ರಕ್ತವನ್ನು ತೆಳುವಾಗಿಡುತ್ತವೆ. ಐಎನ್‌ಆರ್ ಎಂಬ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಪರೀಕ್ಷೆ ಮಾಡಿಸಿ ವೈದ್ಯರು ಮಾತ್ರೆಯ ಅಳತೆ ಹೊಂದಿಸಿರುತ್ತಾರೆ. ಈ ನಡುವೆ ಯಾರೋ ಒಳ್ಳೆಯದು ಎಂದರೆಂದು ಆಲ್ಫಾಲ್ಫಾದ ಹಸಿರು ಮಾತ್ರೆ ಶುರು ಮಾಡಿದರೆ ಆ ಲೆಕ್ಕ ತಪ್ಪಿ, ಕವಾಟದ ಬಳಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಸೊಪ್ಪಿನದು ತಾನೇ, ಏನಾದೀತು ಎಂದು ವೈದ್ಯರಿಗೆ ಹೇಳದೆ ಇರುವುದೇ ಇಲ್ಲಿನ ತೊಂದರೆ.

ಕೊಲೆಸ್ಟರಾಲ್ ವಿಷಯಕ್ಕೆ ಬಂದರೆ ಇದಕ್ಕೆ ಸ್ವಲ್ಪ ಆಧಾರವಿದೆ. 1987ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರಕ್ತದಲ್ಲಿ ಕೊಬ್ಬಿನಂಶ ಹೆಚ್ಚಿದ್ದ 15 ರೋಗಿಗಳಿಗೆ ಬಿಸಿ ಮಾಡಿದ ಬೀಜವನ್ನು ಹೊತ್ತಿಗೆ 40 ಗ್ರಾಂನಂತೆ ದಿನಕ್ಕೆ ಮೂರು ಸಲ, 8 ವಾರ ಕೊಟ್ಟರು. ಕೆಟ್ಟ ಕೊಲೆಸ್ಟರಾಲ್ ಇಳಿಯಿತು. ಬೀಜ ನಿಲ್ಲಿಸಿದ ಮೇಲೆ ಮತ್ತೆ ಮೊದಲಿನ ಮಟ್ಟಕ್ಕೇ ಏರಿತು. ದಿನಕ್ಕೆ 120 ಗ್ರಾಂ ಬೀಜ ಎಂದರೆ ಒಂದು ಊಟದ ಕಾಳಿನಷ್ಟು. ಮಾತ್ರೆ ಮಾರುವವರು ಈ ಫಲಿತಾಂಶ ಹೇಳುತ್ತಾರೆ, ಅಳತೆ ಹೇಳುವುದಿಲ್ಲ.

ಅಳತೆ ಹೆಚ್ಚಿಸೋಣ ಎಂದರೆ ಇನ್ನೊಂದು ತೊಡಕು. ಅಮೆರಿಕದ ಆರೆಗನ್‌ನಲ್ಲಿ ರೆನೆ ಮಾಲಿನೋ ಅವರ ತಂಡ ಈ ಗಿಡದಿಂದ ಕೊಲೆಸ್ಟರಾಲ್ ಇಳಿಸುವುದನ್ನೇ ಮಂಗಗಳಲ್ಲಿ ಪರೀಕ್ಷಿಸುತ್ತಿತ್ತು. ಬೀಜವನ್ನು ಹೆಚ್ಚು ಪ್ರಮಾಣದಲ್ಲಿ ತಿಂದ ಒಬ್ಬ ವ್ಯಕ್ತಿಯಲ್ಲಿ ರಕ್ತಕಣಗಳು ಕುಸಿದು ಗುಲ್ಮ ಊದಿಕೊಂಡದ್ದನ್ನು 1981ರಲ್ಲಿ ಅದೇ ತಂಡ ವರದಿ ಮಾಡಿತು. ಮರುವರ್ಷ ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೊಂದು ಸುದ್ದಿ: ಮೊಳಕೆ ತಿಂದ ಮಂಗಗಳಲ್ಲಿ ಲೂಪಸ್ ಹೋಲುವ ಕಾಯಿಲೆ. ಲೂಪಸ್ ಎಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲು, ಚರ್ಮ, ಮೂತ್ರಪಿಂಡಗಳ ಮೇಲೆ ತಿರುಗಿ ಬೀಳುವ ರೋಗ. ಬೀಜ ಮತ್ತು ಮೊಳಕೆಯಲ್ಲಿರುವ ಎಲ್-ಕೆನವನೈನ್ ಎಂಬ ಅಮೈನೋ ಆಮ್ಲದ ಮೇಲೆ ಅನುಮಾನ ಬಿತ್ತು. ಒಮ್ಮೆ ಕಾಯಿಲೆ ಬಂದಿದ್ದ ಮಂಗಗಳಿಗೆ ಅದೊಂದನ್ನೇ ಆಹಾರದಲ್ಲಿ ಬೆರೆಸಿ ಕೊಟ್ಟಾಗ ಕಾಯಿಲೆ ಮರುಕಳಿಸಿತು. ಕೆನವನೈನ್ ನಮ್ಮ ದೇಹದ ಇನ್ನೊಂದು ಅಮೈನೋ ಆಮ್ಲವಾದ ಆರ್ಜಿನೈನ್‌ನ ವೇಷ ಹಾಕಿಕೊಂಡು ಪ್ರೋಟೀನುಗಳೊಳಗೆ ನುಸುಳಬಲ್ಲದು. 1983ರಲ್ಲಿ, ರೋಗ ಹತೋಟಿಯಲ್ಲಿದ್ದ ಲೂಪಸ್ ರೋಗಿಗಳಿಗೆ ಆಲ್ಫಾಲ್ಫಾ ಮಾತ್ರೆ ತಿಂದ ಮೇಲೆ ಅದು ಉಲ್ಬಣಿಸಿದ ವರದಿಯೂ ಬಂತು. ಲೂಪಸ್ ಇರುವವರು ಇದರ ತಂಟೆಗೇ ಹೋಗಬಾರದು ಎಂದು ವೈದ್ಯರು ಇಂದಿಗೂ ಹೇಳುವುದು ಇದಕ್ಕಾಗಿ. ಅಂಗ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧದಲ್ಲಿರುವವರೂ ದೂರವಿರುವುದು ಲೇಸು. ಸ್ತ್ರೀ ಹಾರ್ಮೋನಿನಂತೆ ವರ್ತಿಸಬಲ್ಲ ಕೌಮೆಸ್ಟ್ರಾಲ್ ಇದರಲ್ಲಿ ಇರುವುದರಿಂದ ಬಸುರಿಯರಿಗೂ ಬಾಣಂತಿಯರಿಗೂ ಈ ಮಾತ್ರೆ ಬೇಡ.

ಹಸಿ ಮೊಳಕೆಯ ಅಪಾಯವೇ ಬೇರೆ, ಅದು ಯಾರನ್ನೂ ಬಿಡುವುದಿಲ್ಲ. ಬೀಜದ ಸಿಪ್ಪೆಯ ಬಿರುಕಿನಲ್ಲಿ ಕುಳಿತ ಸಾಲ್ಮೊನೆಲ್ಲಾ ರೋಗಾಣುವಿಗೆ ಮೊಳಕೆ ಕಟ್ಟುವ ತೇವ, ಬೆಚ್ಚಗಿನ ಹವೆ ಎರಡೂ ಹೇಳಿ ಮಾಡಿಸಿದ ಹಾಗೆ. ಮೇಲಿಂದ ಎಷ್ಟು ತೊಳೆದರೂ ಹೋಗುವುದಿಲ್ಲ. 1995ರಲ್ಲಿ ಅಮೆರಿಕ, ಫಿನ್‌ಲ್ಯಾಂಡ್ ಎರಡೂ ಕಡೆ ಆಲ್ಫಾಲ್ಫಾ ಮೊಳಕೆಯಿಂದ ಜನ ಕಾಯಿಲೆ ಬಿದ್ದರು. 2011ರಲ್ಲಿ ಜರ್ಮನಿಯಲ್ಲಿ 50ಕ್ಕೂ ಹೆಚ್ಚು ಜನರ ಸಾವಿಗೆ ಕಾರಣವಾದ ಇ-ಕೊಲೈ ಸೋಂಕಿನ ಜಾಡು ಹೋಗಿ ನಿಂತದ್ದು ಮೆಂತ್ಯದ ಮೊಳಕೆಯಲ್ಲಿ. ಮೊಳಕೆ ಹುರುಳಿಯನ್ನು ಬೇಯಿಸಿ ಸಾರು ಮಾಡುವ ಪದ್ಧತಿಯಲ್ಲಿ ಈ ಭಯವಿಲ್ಲ. ಸಲಾಡ್ ತಟ್ಟೆಯ ಹಸಿ ಮೊಳಕೆಯನ್ನು ಮಕ್ಕಳು, ವಯಸ್ಸಾದವರು, ಬಸುರಿಯರು ಮುಟ್ಟದಿರುವುದು ಒಳ್ಳೆಯದು.

ಇಷ್ಟಾದ ಮೇಲೂ ಕೊಳ್ಳುವ ಮನಸ್ಸಿದ್ದರೆ ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಬೇಕು. ಒಳಗಿರುವುದು ಸೊಪ್ಪೋ ಬೀಜವೋ ಎಂಬುದು ಮೊದಲ ಪ್ರಶ್ನೆ. ಕೆನವನೈನ್ ಹೆಚ್ಚಿರುವುದು ಬೀಜ ಮತ್ತು ಮೊಳಕೆಯಲ್ಲಿ. ಮಗುವಿಗೆ ಟಾನಿಕ್ ತರುವವರು ಆಲ್ಕೋಹಾಲ್ ಮತ್ತು ಸಕ್ಕರೆ ಎಷ್ಟಿದೆ ಎಂದು ನೋಡಲಿ. ಭಾರತದಲ್ಲಿ ಆಲ್ಫಾಲ್ಫಾ ಪೂರಕ ಮಾತ್ರೆಗಳು ಮಾರಾಟವಾಗುವುದು ಆಹಾರದ ಕಾನೂನಿನಡಿ. ಹಾಗಾಗಿ ‘ಔಷಧೀಯ ಬಳಕೆಗಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲೊಂದು ಡಬ್ಬಿಯ ಮೇಲೆ ಇರಲೇಬೇಕೆಂಬ ನಿಯಮವಿದೆ.