ಪ್ರಾಜೆಕ್ಟ್ ಭಟ್ಕಳದ್ದು, ಪುರಾವೆ ಮಾತ್ರ ಬೆಂಗಳೂರಿನದ್ದು

2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಆ ಬಳಿಕ ‘ಆಸ್ಪತ್ರೆ ಇಲ್ಲದಿದ್ದರೆ ವೋಟಿಲ್ಲ’ ಅನ್ನೋ ಅಭಿಯಾನ ಉತ್ತರ ಕನ್ನಡದಲ್ಲಿ ಜೋರಾಯ್ತು. ಅದರಲ್ಲಿ ಅಷ್ಟಾಗಿ ಚರ್ಚೆಯಾಗದ ಒಂದು ಸಂಗತಿ ಇದೆ. ದೊಡ್ಡ ಆಸ್ಪತ್ರೆ ಇಲ್ಲದ ಕಡೆ ಚಿಕಿತ್ಸೆ ಸಿಗೋದಿಲ್ಲ, ಸರಿ. ಜೊತೆಗೆ ಹೊಸ ಶಸ್ತ್ರಚಿಕಿತ್ಸಾ ಉಪಕರಣಗಳ ಪರೀಕ್ಷೆಯಲ್ಲಿ ಅಲ್ಲಿನ ರೋಗಿಗಳು ಲೆಕ್ಕಕ್ಕೇ ಬರೋದಿಲ್ಲ.

ಒಂದು ಉದಾಹರಣೆ ನೋಡೋಣ. ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ವಿಶಾಲ್ ರಾವ್ ಉದ್ಯಮಿ ಗೆಳೆಯರೊಬ್ಬರ ಜೊತೆ ಸೇರಿ ‘ಓಂ’ ಎಂಬ ಧ್ವನಿ ಉಪಕರಣ ರೂಪಿಸಿದರು. ಗಂಟಲು ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆದ ಮೇಲೆ ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಕೂರಿಸುವ ಪುಟ್ಟ ವಾಲ್ವ್ ಅದು. ಉಸಿರು ಆ ಕಡೆ ಹೋಗಬೇಕು, ನೀರು-ಗಂಜಿ ಈ ಕಡೆ ಬರಬಾರದು. ಸಾವಿರಾರು ರೂಪಾಯಿಯ ಆಮದು ಮಾಲಿನ ಎದುರು ಇದು 50 ರೂಪಾಯಿಯದ್ದು ಅಂತ ದೊಡ್ಡ ಸುದ್ದಿಯಾಯ್ತು. ಬೆಲೆಯ ಸುದ್ದಿ ಚೆಂದವೇ. ಆದರೆ ಇಂಥ ಯಾವುದೇ ವಾಲ್ವ್ ಬಗ್ಗೆ ಕೇಳಬೇಕಾದ ಪ್ರಶ್ನೆ ಬೇರೆ. ಇದು ಎಷ್ಟು ತಿಂಗಳಿಗೆ ಸೋರುತ್ತೆ? ಫಂಗಸ್ ಹಿಡಿಯುತ್ತಾ? ಸೋರಿದ ದಿನ ಬದಲಾಯಿಸೋರು ಯಾರು, ಎಲ್ಲಿ? ಬೆಂಗಳೂರಿನ ರೋಗಿಗೆ ಅದು ಆಟೋ ದೂರ. ಭಟ್ಕಳದವರಿಗೆ ಮಣಿಪಾಲ ಅಂದ್ರೂ 90 ಕಿ.ಮೀ. ಹೆದ್ದಾರಿ.

ಇವಕ್ಕೆ ಉತ್ತರ ಕೊಡೋದೇ ಕ್ಲಿನಿಕಲ್ ಪುರಾವೆ. 2017ರ ವೈದ್ಯಕೀಯ ಉಪಕರಣ ನಿಯಮಗಳು ಅಪಾಯದ ಪ್ರಮಾಣ ನೋಡಿ ಉಪಕರಣಗಳನ್ನು ಎ, ಬಿ, ಸಿ, ಡಿ ಅಂತ ವಿಂಗಡಿಸುತ್ತವೆ. 2023ರ ಅಕ್ಟೋಬರ್‌ನಿಂದ ಸಿ, ಡಿ ವರ್ಗಕ್ಕೂ ಲೈಸೆನ್ಸ್ ಕಡ್ಡಾಯ. ಈಗಾಗಲೇ ಅನುಮತಿ ಪಡೆದ ಅಂಥದ್ದೇ ಉಪಕರಣ ಇಲ್ಲದಿದ್ದರೆ ಮೊದಲು ಸಣ್ಣ ಪ್ರಯೋಗ, ಆಮೇಲೆ ದೊಡ್ಡದು. ಎರಡಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಪ್ರಯೋಗ ನಡೆಸುವ ಆಸ್ಪತ್ರೆಗೆ ತನ್ನದೇ ಸಮಿತಿ ಇಲ್ಲದಿದ್ದರೆ ಬೇರೆಡೆಯದ್ದನ್ನು ನೆಚ್ಚಬಹುದು, ಆದರೆ ಅದು ಅದೇ ಊರಿನಲ್ಲಿ ಅಥವಾ 50 ಕಿ.ಮೀ. ಒಳಗಿರಬೇಕು. ಮ್ಯಾಪ್ ತೆಗೆದು ಅಳೆಯಿರಿ. ಹೊನ್ನಾವರ, ಭಟ್ಕಳ ಎರಡಕ್ಕೂ ಕಾರವಾರದ ಮೆಡಿಕಲ್ ಕಾಲೇಜು, ಮಣಿಪಾಲ ಎರಡೂ ಹೊರಗೇ. ಕುಮಟಾ ಅಂಚಿನಲ್ಲಿ ನಿಂತಿದೆ. ರೋಗಿಯ ಸುರಕ್ಷತೆಗೆ ಮಾಡಿದ ನಿಯಮವೇ, ತಪ್ಪೇನಿಲ್ಲ. ಫಲಿತಾಂಶ ಮಾತ್ರ ಇದು.

ಹಾಗಾದ್ರೆ ಭಟ್ಕಳದ ಅಂಜುಮನ್ ಇಂಜಿನಿಯರಿಂಗ್ ಕಾಲೇಜಿನಂಥ ಕಡೆಯ ಫೈನಲ್ ಇಯರ್ ಹುಡುಗ-ಹುಡುಗಿಯರು ಏನು ಮಾಡಬಹುದು? ಮತ್ತೊಂದು ಪ್ರೊಟೊಟೈಪ್ ಬೇಡ ಅನ್ನೋದು ನನ್ನ ವಾದ. ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ವೈವಾ ಮುಗಿದ ಮೇಲೆ ಅವು ಸೇರೋದು ಲ್ಯಾಬಿನ ಬೀರುವಿಗೆ. ಅದರ ಬದಲು ಸ್ಟಾರ್ಟಪ್ ಒಂದರ ಜೊತೆ ಕೂತು ಬೆಂಚ್ ಟೆಸ್ಟ್ ಮಾಡಿ: ವಾಲ್ವನ್ನು ಸಾವಿರ ಸಲ ತೆರೆದು ಮುಚ್ಚಿ, ಎಷ್ಟು ಒತ್ತಡಕ್ಕೆ ಸೋರಿತು ಬರೆದಿಡಿ. ಇದಕ್ಕೆ ರೋಗಿಯೇ ಬೇಕಿಲ್ಲ. ಒಪ್ಪಿಗೆ ಪತ್ರ, ಬಳಕೆಯ ಸೂಚನೆಗಳನ್ನು ಕನ್ನಡ, ಕೊಂಕಣಿ, ನವಾಯತಿಯಲ್ಲಿ ತಂದು ಓದಿಸಿ ನೋಡಿ, ಅರ್ಥವಾಗುತ್ತಾ ಅಂತ. ರೋಗಿಯ ಮಾಹಿತಿಗೆ ಕೈ ಹಾಕೋದಾದ್ರೆ ಮಾತ್ರ ವೈದ್ಯರ ಹೊಣೆ, ಸಮಿತಿಯ ಒಪ್ಪಿಗೆ ಎರಡೂ ಇಲ್ಲದೆ ಒಂದು ಫಾರ್ಮನ್ನೂ ತುಂಬಬೇಡಿ. ಗೂಗಲ್ ಫಾರ್ಮ್ ಹಂಚಿದರೆ ಅದು ಪುರಾವೆ ಆಗೋದಿಲ್ಲ.

ಮಾರುಕಟ್ಟೆ ಪ್ರವೇಶವೂ ಇಲ್ಲಿಗೇ ಬಂದು ನಿಲ್ಲುತ್ತೆ. ಟೆಂಡರ್‌ನಲ್ಲಿ ತಾಂತ್ರಿಕ ಅರ್ಹತೆ ದಾಟಿದವರ ಪೈಕಿ ಸಾಮಾನ್ಯವಾಗಿ ಗೆಲ್ಲೋದು ಕಡಿಮೆ ದರ. ಸೋರಿದ ವಾಲ್ವ್ ಬದಲಾಯಿಸಲು ಹೊನ್ನಾವರದಿಂದ ಮಣಿಪಾಲಕ್ಕೆ ಹೋಗಿಬಂದ ಬಸ್ ಚಾರ್ಜು, ಹೋದ ದಿನಗೂಲಿ ಆ ದರದಲ್ಲಿ ಇರೋದಿಲ್ಲ. ಎಂಟು ತಿಂಗಳು ಬಾಳುವ ವಾಲ್ವ್, ನಾಲ್ಕೇ ತಿಂಗಳಿನ ಅಗ್ಗದ ವಾಲ್ವಿಗಿಂತ ನಿಜಕ್ಕೂ ಅಗ್ಗ ಅಂತ ತೋರಿಸೋ ಲೆಕ್ಕವನ್ನು ಯಾರಾದ್ರೂ ಈ ರಸ್ತೆಯ ಮೇಲೆ ನಿಂತೇ ಮಾಡಬೇಕು.