ಬಾನುಲಿಯ ಗಣಕಯಂತ್ರ ಮೂಕವಾದಾಗ

ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ನಿಲಯವೊಂದನ್ನು ಆರಂಭಿಸಿದ್ದನ್ನೂ, ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಸಂದುದನ್ನೂ ಕನ್ನಡಿಗರಾದ ನಾವು ಎಲ್ಲಿದ್ದರೂ ಅಭಿಮಾನದಿಂದ ಸ್ಮರಿಸುತ್ತೇವೆ. ಅಂದಿನ ನಿಲಯಗಳಲ್ಲಿ ಧ್ವನಿಮುದ್ರಿಕೆಯ ತಟ್ಟೆಯ ಮುಂದೆ ಒಬ್ಬರು ಕುಳಿತಿರಲೇಬೇಕಾಗಿತ್ತು; ಮುಳ್ಳು ಸಿಕ್ಕಿಕೊಂಡರೆ ಕೈಯಿಂದಲೇ ಸರಿಪಡಿಸುತ್ತಿದ್ದರು. ಇಂದು ಆ ಸ್ಥಾನದಲ್ಲಿ ಗಣಕಯಂತ್ರವಿದೆ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ಸಮುದಾಯ ಬಾನುಲಿ ಆರಂಭವಾಯಿತು. 2006ರಲ್ಲಿ ಕೇಂದ್ರ ಸರ್ಕಾರವು ಸೇವಾಸಂಸ್ಥೆಗಳಿಗೂ ಇಂಥ ನಿಲಯಗಳನ್ನು ನಡೆಸಲು ಅವಕಾಶವಿತ್ತಿತು. ಈ ಪುಟ್ಟ ನಿಲಯಗಳಲ್ಲಿ ದಿನವಿಡೀ ಕುಳಿತಿರಲು ಜನರೆಲ್ಲಿ? ಹಾಕಿಕೊಟ್ಟ ಪಟ್ಟಿಯಂತೆ ಗಣಕವೇ ಒಂದಾದ ಮೇಲೊಂದು ಕಾರ್ಯಕ್ರಮವನ್ನು ನುಡಿಸುತ್ತದೆ. ನಮ್ಮಂಥ ಸಂಘವೊಂದು ನಾಳೆ ಅಂತರ್ಜಾಲ ಬಾನುಲಿಯನ್ನು ನಡೆಸಲು ಹೊರಟರೂ ಆಶ್ರಯಿಸಬೇಕಾದುದು ಈ ವ್ಯವಸ್ಥೆಯನ್ನೇ.

ಅದು ತಡವರಿಸಿದರೆ ಆಗುವ ಹಾನಿ ಬರಿಯ ರಸಭಂಗವಲ್ಲ. ವೈದ್ಯರೊಬ್ಬರು ಬಿಡುವು ಮಾಡಿಕೊಂಡು ಬಂದು ಮಧುಮೇಹದ ಬಗ್ಗೆ ಮಾತನಾಡಿದ್ದಾರೆ ಎನ್ನೋಣ. ಗುಳಿಗೆಯನ್ನು ಊಟಕ್ಕೆ ಮುಂಚೆ ನುಂಗಬೇಕೋ, ಅನಂತರವೋ ಎಂದು ಹೇಳುವ ವಾಕ್ಯದ ನಡುವೆಯೇ ಧ್ವನಿ ಕಡಿದುಹೋದರೆ, ಕೇಳುತ್ತ ಕುಳಿತ ವೃದ್ಧರು ಏನೆಂದು ತಿಳಿಯಬೇಕು?

ಬಲ್ಲ ವೈದ್ಯರು ರೋಗಿಯನ್ನು ಕಂಡೊಡನೆ ಐದು ಬಗೆಯ ಔಷಧಿಗಳನ್ನು ಒಟ್ಟಿಗೆ ಕೊಡುವುದಿಲ್ಲ. ನಿಲಯಗಳಲ್ಲಿ ಮಾತ್ರ, ಧ್ವನಿ ನಿಂತಿತೆಂದರೆ ಸಾಫ್ಟ್‌ವೇರನ್ನೇ ಕಿತ್ತುಹಾಕಿ ಮತ್ತೆ ಸ್ಥಾಪಿಸುವ ದುರಭ್ಯಾಸ ಬೆಳೆದಿದೆ. ನಾನು ಕಂಡಮಟ್ಟಿಗೆ ದೋಷವು ಅಲ್ಲಿರುವುದು ಅಪರೂಪ. ಧ್ವನಿಯು ಫೈಲಿನಿಂದ ಹೊರಟು ಸಾಫ್ಟ್‌ವೇರು, ಸೌಂಡ್ ಕಾರ್ಡು, ಕೇಬಲ್ಲು, ಮಿಕ್ಸರುಗಳನ್ನು ದಾಟಿ ಪ್ರೇಷಕವನ್ನು ಸೇರಬೇಕು. ಈ ದಾರಿಯ ನಡುವೆ ನಿಂತು ನೋಡುವುದು ಮೊದಲ ಕೆಲಸ. ಪರದೆಯ ಮೇಲಿನ ಧ್ವನಿಮಾಪಕ ಕುಣಿಯುತ್ತಿದ್ದೂ ಶಬ್ದ ಬರದಿದ್ದರೆ ದೋಷ ಅದರಿಂದ ಮುಂದಿದೆ. ಮಾಪಕವೇ ನಿಶ್ಚಲವಾಗಿದ್ದರೆ ಹಿಂದಿದೆ. ಅರ್ಧ ದಾರಿಯ ಶೋಧನೆ ಇಷ್ಟರಿಂದಲೇ ಉಳಿಯಿತು.

ಮಾಪಕ ಕುಣಿಯುತ್ತಿರುವಾಗಿನ ಮೌನಕ್ಕೆ ಸಾಮಾನ್ಯ ಕಾರಣವೊಂದಿದೆ. ವಿಂಡೋಸ್ ತನ್ನನ್ನು ನವೀಕರಿಸಿಕೊಂಡಾಗ, ಇಲ್ಲವೇ ಯಾರೋ ಹೊಸ ಮಾನಿಟರನ್ನು ಜೋಡಿಸಿದಾಗ, ಧ್ವನಿಯು ಸೌಂಡ್ ಕಾರ್ಡನ್ನು ಬಿಟ್ಟು ಮಾನಿಟರಿನ ಕಡೆಗೆ ಹರಿಯುವುದುಂಟು. ಆದ್ದರಿಂದ ಸಾಫ್ಟ್‌ವೇರಿನಲ್ಲಿ ಸಾಧನದ ಹೆಸರನ್ನೇ ಆರಿಸಿಡಬೇಕು, ‘ಡೀಫಾಲ್ಟ್’ ಎಂದು ಬಿಡಬಾರದು. ಗಣಕದ ಸ್ವಂತ ಟಿಂಗ್-ಟಾಂಗ್ ಸದ್ದುಗಳನ್ನು ಬೇರೆ ಸಾಧನಕ್ಕೆ ತಿರುಗಿಸದಿದ್ದರೆ ಅವೂ ಪ್ರಸಾರವಾಗುತ್ತವೆ, ಶ್ರೋತೃಗಳು ಕ್ಷಮಿಸುವವರಲ್ಲ.

ಮಾಪಕವು ನಿಶ್ಚಲವಾಗಿದ್ದರೆ ಫೈಲನ್ನು ಯಾರೋ ಸ್ಥಳಾಂತರಿಸಿರಬಹುದು. ಹಳೆಯ ಸಾಫ್ಟ್‌ವೇರುಗಳಲ್ಲಿ ಕನ್ನಡ ಲಿಪಿಯ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ, ಫೈಲು ತೆರೆಯದಿರುವುದೂ ಉಂಟು. ಲಿನಕ್ಸ್ ಮೇಲೆ ನಡೆಯುವ, ಬೆಲೆಯಿಲ್ಲದೆ ದೊರೆಯುವ ‘ರಿವೆಂಡೆಲ್’ ಧ್ವನಿಗಳನ್ನು ಹೆಸರಿನಿಂದಲ್ಲದೆ ಸಂಖ್ಯೆಯಿಂದ ಸಂಗ್ರಹಿಸುವುದರಿಂದ ಈ ತೊಡಕು ಅಲ್ಲಿಲ್ಲ.

ಧ್ವನಿ ಬಂದರೂ ವಿಕಾರಗೊಂಡಿದ್ದರೆ ಕಥೆ ಬೇರೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಮಾದರಿಗಳಿದ್ದರೆ, ಅನೇಕ ಸೌಂಡ್ ಕಾರ್ಡುಗಳು 48,000ದ ಲೆಕ್ಕದಲ್ಲಿ ಓಡುತ್ತವೆ. ನಡುವೆ ಪರಿವರ್ತನೆಯಾಗದೆ ಹೋದರೆ 30 ನಿಮಿಷಗಳ ಕಾರ್ಯಕ್ರಮ 27 ನಿಮಿಷ 34 ಸೆಕೆಂಡುಗಳಲ್ಲೇ ಮುಗಿದು, ಉಳಿದ ಹೊತ್ತು ಪಟ್ಟಿಯಲ್ಲಿ ರಂಧ್ರವಾಗುತ್ತದೆ. ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನದಷ್ಟು ಮೇಲೇರುತ್ತದೆ. ಗದಗಿನಿಂದ ಬಂದು ಪುಣೆಯಲ್ಲಿ ನೆಲೆಸಿದ್ದ ಭೀಮಸೇನ ಜೋಶಿಯವರ ಕಂಠವನ್ನು ಬಲ್ಲವರಿಗೆ ಇದು ಎಂಥ ಹಿಂಸೆಯೆಂದು ಬೇರೆ ಹೇಳಬೇಕಾಗಿಲ್ಲ. ಎಲ್ಲ ಫೈಲುಗಳನ್ನೂ, ಸೌಂಡ್ ಕಾರ್ಡನ್ನೂ ಒಂದೇ ದರಕ್ಕೆ ತರುವುದೇ ಮದ್ದು.

ಸಂಗೀತದ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬೇಕು. ಹಾಡಿನ ಆದಿ ಅಂತ್ಯಗಳ ಮೌನವನ್ನು ತಾನೇ ಗುರುತಿಸಿ ಕತ್ತರಿಸುವ ಸೌಕರ್ಯ ಹಲವು ಸಾಫ್ಟ್‌ವೇರುಗಳಲ್ಲಿದೆ. ಚಲನಚಿತ್ರಗೀತೆಗೆ ಅದು ಸರಿ. ಆದರೆ ಮೆಲ್ಲನೆ ಏಳುವ ತಂಬೂರಿಯ ನಾದವನ್ನೂ ಅದು ಮೌನವೆಂದೇ ಎಣಿಸಿ, ಆಲಾಪದ ಮೊದಲ ಉಸಿರನ್ನು ನುಂಗಿಬಿಡುತ್ತದೆ. ನಮ್ಮ ಸಂಗೀತಕ್ಕೆ ಈ ಗುರುತುಗಳನ್ನು ಕಿವಿಗೊಟ್ಟು ಕೈಯಿಂದಲೇ ಇಡಬೇಕು.

ಧ್ವನಿ ತೊದಲುವುದು, ಪಟಪಟ ಸಿಡಿಯುವುದು ಸಾಮಾನ್ಯವಾಗಿ ‘ಬಫರ್’ ಬರಿದಾದುದರ ಲಕ್ಷಣ. ಬಫರ್ ಎಂದರೆ ನಲ್ಲಿಗೂ ಬಕೆಟ್ಟಿಗೂ ನಡುವಿನ ತೊಟ್ಟಿಯಂತೆ. 48,000ದ ದರದಲ್ಲಿ 256 ಮಾದರಿಗಳ ತೊಟ್ಟಿ ಸುಮಾರು 5 ಮಿಲಿಸೆಕೆಂಡುಗಳಲ್ಲಿ ಬರಿದಾಗುತ್ತದೆ. ಗಣಕ ಅಷ್ಟು ಹೊತ್ತು ಬೇರೆ ಕೆಲಸದಲ್ಲಿ ಮುಳುಗಿದರೆ ತೊದಲಿಕೆ ಖಂಡಿತ. 1024ಕ್ಕೆ ಏರಿಸಿದರೆ 21 ಮಿಲಿಸೆಕೆಂಡುಗಳ ಬಿಡುವು ಸಿಗುತ್ತದೆ. ತನ್ನ ದನಿಯನ್ನೇ ಗಣಕದ ಮೂಲಕ ಹೆಡ್‌ಫೋನಿನಲ್ಲಿ ಕೇಳಿಕೊಳ್ಳುವ ನಿರೂಪಕನಿಗೆ ಆ ವಿಳಂಬ ಕಿರಿಕಿರಿಯಾದೀತು. ಮುದ್ರಿತ ಕಾರ್ಯಕ್ರಮಕ್ಕೆ ಬಾಧಕವಿಲ್ಲ. ಜೊತೆಗೆ, ಪಕ್ಕದ ಕೋಣೆಯ ಗಣಕದಿಂದ ಜಾಲದ ಮೂಲಕ ಫೈಲನ್ನು ನುಡಿಸುವುದಕ್ಕಿಂತ, ಮೊದಲೇ ನಕಲು ಮಾಡಿಟ್ಟುಕೊಳ್ಳುವುದು ಲೇಸು. ಯು.ಎಸ್.ಬಿ. ಸೌಂಡ್ ಕಾರ್ಡಿದ್ದರೆ ವಿದ್ಯುತ್ ಉಳಿತಾಯದ ಏರ್ಪಾಟನ್ನು ನಿಲ್ಲಿಸಬೇಕು. ಉಳಿತಾಯದ ಹೆಸರಿನಲ್ಲಿ ಗಣಕವು ಕಾರ್ಡನ್ನೇ ಮಲಗಿಸಿಬಿಡುತ್ತದೆ.

ಕೆಲವೊಮ್ಮೆ ಹಿನ್ನೆಲೆಯ ವಾದ್ಯ ಕೇಳಿಸಿ, ಮಾತನಾಡುವವರ ಕಂಠ ಮಾತ್ರ ಮಾಯವಾಗುತ್ತದೆ. ಭೂತಚೇಷ್ಟೆಯೇನಲ್ಲ. ಗಣಕದ ಸ್ಟೀರಿಯೋ ಪ್ಲಗ್ಗನ್ನು ಮಿಕ್ಸರಿನ ‘ಬ್ಯಾಲೆನ್ಸ್ಡ್’ ಮಾನೋ ಕಿಂಡಿಗೆ ನೇರವಾಗಿ ಚುಚ್ಚಿದಾಗ, ಎಡಬಲಗಳಲ್ಲಿ ಸಮನಾಗಿರುವುದೆಲ್ಲ ಪರಸ್ಪರ ಅಳಿದುಹೋಗುತ್ತದೆ. ಎರಡು ಧಾರೆಗಳನ್ನು ಬೇರ್ಪಡಿಸುವ ಕೇಬಲ್ಲಿನಿಂದ ಎರಡು ಕಿಂಡಿಗಳಿಗೆ ಒಯ್ದರೆ ಕಂಠ ಮರಳುತ್ತದೆ.

‘ಹುಂ’ ಎಂಬ ನಿರಂತರ ಗುಂಯ್‌ಗುಡುವಿಕೆಯಿದ್ದರೆ ಲ್ಯಾಪ್‌ಟಾಪಿನ ಚಾರ್ಜರನ್ನು ಕಳಚಿ ನೋಡಬೇಕು. ಸದ್ದು ನಿಂತರೆ ಅದು ವಿದ್ಯುತ್ತಿನ ಅರ್ಥಿಂಗಿನ ಸುತ್ತು ಹರಿವಿನಿಂದ ಬಂದದ್ದು. ಧ್ವನಿಯ ತಂತಿಯ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರನ್ನು ಸೇರಿಸಿದರೆ ಹೋಗುತ್ತದೆ. ಪ್ಲಗ್ಗಿನ ಅರ್ಥ್ ಕಡ್ಡಿಯನ್ನೇ ಮುರಿದು ಸದ್ದಡಗಿಸುವ ಸಾಹಸಿಗಳಿದ್ದಾರೆ. ಅದು ಪ್ರಾಣಕ್ಕೆ ಸಂಚಕಾರ, ಎಂದಿಗೂ ಕೂಡದು.

ನಿಲಯದಲ್ಲಿ ಒಂದು ನೋಟ್‌ಬುಕ್ಕನ್ನು ಇಟ್ಟು, ಧ್ವನಿ ಕೆಟ್ಟ ವೇಳೆ, ಆಗ ನುಡಿಯುತ್ತಿದ್ದ ಫೈಲು, ಮಾಡಿದ ಒಂದೇ ಒಂದು ಬದಲಾವಣೆ ಇವನ್ನು ಬರೆದಿಡುವುದು ಒಳ್ಳೆಯದು. ಒಂದೇ ಫೈಲಿನಲ್ಲಿ ಪ್ರತಿ ಸಲವೂ ಅದೇ ಜಾಗದಲ್ಲಿ ಮುಗ್ಗರಿಸಿದರೆ ಫೈಲನ್ನು ಮತ್ತೆ ಮುದ್ರಿಸಿಕೊಳ್ಳಬೇಕು. ಬೇರೆ ಬೇರೆ ಫೈಲುಗಳು ದಿನವೂ ಬೆಳಗಿನ ಜಾವ ಅದೇ ಗಳಿಗೆಯಲ್ಲಿ ಮುಗ್ಗರಿಸುತ್ತಿದ್ದರೆ, ವೈರಸ್ ತಪಾಸಣೆಯೋ, ಬ್ಯಾಕಪ್ಪೋ ಆ ಹೊತ್ತಿಗೆ ನಿಗದಿಯಾಗಿದೆಯೇ ಎಂದು ನೋಡಿ, ಅದನ್ನು ಪ್ರಸಾರವಿಲ್ಲದ ವೇಳೆಗೆ ಸರಿಸಬೇಕು.