*ಕಲಬೆರಕೆ ಕಳ್ಳಿನ ಚಟ: ಚಿಕಿತ್ಸೆ ಅರ್ಧಕ್ಕೇ ನಿಲ್ಲುವುದೇಕೆ?*



ಬೀದರ್, ರಾಯಚೂರು ಕಡೆಯಿಂದ ಬಂದು ಹೈದರಾಬಾದ್‌ನ ಸನತ್‌ನಗರದಲ್ಲಿ ದುಡಿಯುವವರು ಇದನ್ನು ಊರಿನ ಮನೆಯವರಿಗೂ ಓದಿ ಹೇಳಿ.

ಮರದಿಂದ ಇಳಿಸಿದ ಕಳ್ಳು ಬೇರೆ, ಕಲಬೆರಕೆ ಕಳ್ಳು ಬೇರೆ. ಕಲಬೆರಕೆಯಲ್ಲಿ ಆಲ್ಪ್ರಜೋಲಾಮ್, ಡಯಾಜೆಪಾಮ್, ಕ್ಲೋರಲ್ ಹೈಡ್ರೇಟ್ (ಸಿ.ಎಚ್. ಪೌಡರ್) ಬೆರೆತಿರುತ್ತದೆ. ದಿನಾ ಕುಡಿದರೆ ಮಿದುಳು ಇವಕ್ಕೆ ಒಗ್ಗಿಹೋಗುತ್ತದೆ. ಆಮೇಲೆ ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ನಿದ್ದೆಗೇಡು, ಇಲ್ಲದ್ದು ಕಂಡಂತಾಗುವುದು, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಕಳ್ಳಿನ ಮೇಲೆ ದಾಳಿ ಬಿಗಿಯಾದಾಗ ಇದೇ ತೊಂದರೆಯಿಂದ ಅನೇಕರು ಆಸ್ಪತ್ರೆ ಸೇರಿದರು.

ವೈದ್ಯರು ಮಾತ್ರೆ ಕೊಟ್ಟು, ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಇದಕ್ಕೆ ವಾರಗಳೇ ಬೇಕು. ಹಳ್ಳಿಯವರು ತಪ್ಪಿಸಿಕೊಳ್ಳುವುದು ಇಲ್ಲೇ:

1️⃣ *ದೂರ:* ಮಾನಸಿಕ ರೋಗ ತಜ್ಞರು ಹೆಚ್ಚಾಗಿ ಇರುವುದು ನಗರದಲ್ಲಿ. ಸನತ್‌ನಗರದವರಿಗೆ ಎರ್ರಗಡ್ಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಪಕ್ಕದಲ್ಲೇ ಇದೆ. ಹಳ್ಳಿಯವರಿಗೆ ಅದು ಇಡೀ ದಿನದ ಪ್ರಯಾಣ.
2️⃣ *ಕೂಲಿ:* ಹೋದ ದಿನದ ಕೂಲಿ ಹೋಯಿತು, ಜೊತೆಗೆ ಬಂದವರದ್ದೂ ಹೋಯಿತು, ಬಸ್ ಚಾರ್ಜು ಬೇರೆ.
3️⃣ *ನಾಚಿಕೆ:* "ಹುಚ್ಚಾಸ್ಪತ್ರೆಗೆ ಹೋದ" ಎಂಬ ಊರವರ ಮಾತು.
4️⃣ *ಅವಸರ:* ನಾಲ್ಕು ದಿನ ನಿದ್ದೆ ಬಂದರೆ ವಾಸಿಯಾಯಿತು ಎಂದು ಮಾತ್ರೆ ಬಿಡುವುದು. ಕಳ್ಳಂಗಡಿ ಇರುವುದು ಮನೆ ದಾರಿಯಲ್ಲೇ!

ಅಫೀಮು, ಹೆರಾಯಿನ್, ನೋವಿನ ಮಾತ್ರೆಗಳ ಚಟಕ್ಕೂ ಇವೇ ಅಡ್ಡಿಗಳು. ಅಲ್ಲಂತೂ ಸ್ವಲ್ಪ ಕಾಲ ಬಿಟ್ಟು, ಮತ್ತೆ ಹಳೆಯ ಪ್ರಮಾಣದಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು.

✅ *ಮನೆಯವರು ಏನು ಮಾಡಬೇಕು?*

👉 ಮನೆಯಲ್ಲಿ ಕೂಡಿಹಾಕಿ ಬಿಡಿಸಬೇಡಿ. ಮೊದಲು ವೈದ್ಯರಿಗೆ ತೋರಿಸಿ.
👉 ಮುಂದಿನ ಭೇಟಿಗೆ ಬಸ್ ಚಾರ್ಜು ಈಗಲೇ ತೆಗೆದಿಡಿ, ಜೊತೆಗೆ ಯಾರು ಹೋಗುವುದೆಂದು ಗೊತ್ತುಮಾಡಿ.
👉 "ಹತ್ತಿರದಲ್ಲಿ ಎಲ್ಲಿ ತೋರಿಸಬಹುದು?" ಎಂದು ವೈದ್ಯರನ್ನೇ ಕೇಳಿ, ಚೀಟಿ ಬರೆಸಿಕೊಳ್ಳಿ. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗೂ ತಜ್ಞರು ಬರುತ್ತಾರೆ. ದಿನ ವಿಚಾರಿಸಿಕೊಂಡು ಹೋಗಿ.
👉 ಮಾತ್ರೆ ಮನೆಯ ಒಬ್ಬರ ಕೈಯಲ್ಲಿರಲಿ. ಅದರ ಜೊತೆ ಕಳ್ಳು, ಸಾರಾಯಿ ಬೇಡವೇ ಬೇಡ.
👉 ಮತ್ತೆ ಕುಡಿದರೆ ಬೈದು ಹೊರಹಾಕಬೇಡಿ. ಮತ್ತೆ ಕರೆದುಕೊಂಡು ಹೋಗಿ. ಚಟ ಮರುಕಳಿಸುವುದು ಕಾಯಿಲೆಯ ಸ್ವಭಾವ.

📞 ಸಲಹೆಗೆ ಟೆಲಿ-ಮಾನಸ್ *14416*: ಉಚಿತ, 24 ಗಂಟೆ, ಕನ್ನಡದಲ್ಲೂ ಮಾತನಾಡಬಹುದು. ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ ತಕ್ಷಣ *108*.

ಮೊದಲ ಸಲ ಆಸ್ಪತ್ರೆಗೆ ಕರೆದೊಯ್ಯಲು ಊರೆಲ್ಲ ಬರುತ್ತದೆ. ಎರಡನೇ ಸಲಕ್ಕೆ ನೀವು ಬನ್ನಿ. 🙏

*ಅಗತ್ಯವಿರುವವರಿಗೆ ತಲುಪಿಸಿ.*